ಹಿಟ್ಟಿನ ಕೋಳಿಯೂ ಹಸಿರು ನೆತ್ತರೂ

ಕಳೆದ ದಶಲಕ್ಷಣ ಪರ್ವದ ಉತ್ತಮ ಸಂಯಮದ ದಿನ ನರೋಣಾದ ಬಂಧುಗಳೊಬ್ಬರ ಮನೆಯಲ್ಲಿದ್ದೆನು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿದಿತ್ತು, ಆರತಿಯೂ ಆಗಿತ್ತು. ಹಿರಿಯರು ಪಡಸಾಲೆಯಲ್ಲಿ ಕುಳಿತು ಸಂಯಮಧರ್ಮದ ಮೇಲೆ ಮಾತನಾಡುತ್ತಿದ್ದಾಗ ಒಳಕೋಣೆಯಿಂದ ಗುಂಡಿನ ಸದ್ದು ಕೇಳಿಬಂತು. ಹೋಗಿ ನೋಡಿದರೆ ಹತ್ತು ವರ್ಷದ ಬಾಲಕನು ತಾಯಿಯ ಮೊಬೈಲು ಹಿಡಿದು ಆಟದಲ್ಲಿ ಮಗ್ನನಾಗಿದ್ದನು. ಅವನೂ ಅಂದು ಏಕಾಶನ ಮಾಡಿದ್ದ ಹುಡುಗ. ‘ಪರ್ವದ ದಿನ ಇಷ್ಟು ಮಂದೀನ ಕೊಲ್ಲಲಿಕತ್ತೀಯಲ್ಲಪ್ಪಾ?’ ಎಂದು ಕೇಳಿದೆ. ಅವನು ತಲೆಯೆತ್ತದೆ ಹೇಳಿದನು: ‘ಮುತ್ಯಾ, ಇದು ಖರೇ ರಕ್ತ ಅಲ್ಲ, ನೋಡ್ರಿ, ಹಸರು ಅದ. ಇದರಾಗ ಯಾರೂ ಸಾಯಂಗಿಲ್ಲ. ಫಿನಿಶ್ ಆಗ್ತಾರ, ಅಷ್ಟ.’ ಅವನ ತಂದೆಯೂ ನಕ್ಕು, ‘ಇರಲಿ ಬಿಡ್ರಿ ಕಾಕಾ, ಆಟ ಅದು’ ಎಂದನು.

ಅದೇ ಮನೆಯಲ್ಲಿ ಅಂದು ಬೆಳಗ್ಗೆ ಅತಿಥಿಗಳಿಗೆಂದು ತಂದ ಬಿಸ್ಕತ್ತಿನ ಪೊಟ್ಟಣವನ್ನು ಗೃಹಿಣಿಯು ಹಿಂದೆಮುಂದೆ ತಿರುಗಿಸಿ, ಹಸಿರು ಚುಕ್ಕೆಯನ್ನು ನೋಡಿ, ಅಷ್ಟಕ್ಕೇ ತೃಪ್ತಳಾಗದೆ ಒಳಗೆ ಬೆರೆಸಿದ ಪದಾರ್ಥಗಳ ಪಟ್ಟಿಯನ್ನೂ ಓದಿದ್ದನ್ನು ನಾನು ಕಂಡಿದ್ದೆನು. ಬಾಯಿಗೆ ಹೋಗುವ ವಸ್ತುವಿಗೆ ಹಸಿರು ಚುಕ್ಕೆಯೂ ಸಾಲದು ಎನ್ನುವ ನಾವು ಮನಸ್ಸಿಗೆ ಹೋಗುವ ವಸ್ತುವಿಗೆ ಹಸಿರು ನೆತ್ತರು ಸಾಕು ಎನ್ನುತ್ತಿದ್ದೇವೆ. ಈ ವೈಪರೀತ್ಯವನ್ನು ಕುರಿತು ಸಮಾಜ ಬಾಂಧವರ ಮುಂದೆ ನಾಲ್ಕು ಕಠಿಣ ಮಾತುಗಳನ್ನಾಡಬೇಕಾಗಿದೆ.

ಆ ಬಾಲಕನ ವಾದವು ಹೊಸದಲ್ಲ. ಅದು ರಾಜಮಾತೆ ಚಂದ್ರಮತಿಯ ವಾದ. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯ ಕಥೆಯನ್ನು ತಿಳಿಯದ ಜೈನ ಕುಟುಂಬವು ಕನ್ನಡ ನಾಡಿನಲ್ಲಿ ಇರಲಾರದು. ಯಶೋಧರನು ತನ್ನ ಪತ್ನಿಯ ದ್ರೋಹವನ್ನು ಮರೆಮಾಚಲು ಕೆಟ್ಟ ಕನಸು ಕಂಡೆನೆಂದು ತಾಯಿಗೆ ಹೇಳುತ್ತಾನೆ. ದೇವಿಗೆ ಬಲಿ ಕೊಟ್ಟು ದೋಷವನ್ನು ಕಳೆದುಕೋ ಎಂದು ಅವಳು ಒತ್ತಾಯಿಸುತ್ತಾಳೆ. ಜೀವಹಿಂಸೆಗೆ ಮಗನು ಒಪ್ಪದಿದ್ದಾಗ ನಡುವಣ ದಾರಿಯೊಂದನ್ನು ಹುಡುಕಿದರು: ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಕಡಿದರಾಯಿತು! ರಕ್ತವಿಲ್ಲ, ನೋವಿಲ್ಲ, ಸಾಯುವವರಾರೂ ಇಲ್ಲ. ತಾಯಿಯ ಮಾತೂ ಉಳಿಯಿತು, ಮಗನ ವ್ರತವೂ ಉಳಿಯಿತು ಎಂದು ಇಬ್ಬರೂ ಭಾವಿಸಿದರು. ಆದರೆ ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿತು. ಮುಂದೆ ತಾಯಿಮಕ್ಕಳು ನವಿಲು, ನಾಯಿ, ಹಾವು, ಮೀನು, ಆಡು, ಕೋಳಿಗಳಾಗಿ ಹುಟ್ಟಿ ಹುಟ್ಟಿ ಕೊಲೆಗೀಡಾದ ಭವಾವಳಿಯನ್ನು ನಾವೆಲ್ಲ ಬಲ್ಲೆವು. ಸತ್ತದ್ದು ಹಿಟ್ಟು, ಬಂಧವಾದುದು ಸಂಕಲ್ಪದಿಂದ.

ಈ ಕಥೆ ನಮ್ಮ ಕಲಬುರಗಿ ಸೀಮೆಗೆ ಬಹಳ ಹತ್ತಿರದ್ದು. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಕಾಲದಲ್ಲಿ, ಮೂರನೆಯ ಕೃಷ್ಣನ ಮಂತ್ರಿ ಭರತನ ಮತ್ತು ಅವನ ಮಗ ನನ್ನನ ಆಶ್ರಯದಲ್ಲಿದ್ದ ಪುಷ್ಪದಂತ ಕವಿಯು ಇದೇ ಕಥೆಯನ್ನು ಅಪಭ್ರಂಶದಲ್ಲಿ ‘ಜಸಹರಚರಿಉ’ ಎಂದು ಹಾಡಿದನು. ಅದೇ ಕೃಷ್ಣನ ಸಾಮಂತರ ನಾಡಿನಲ್ಲಿ 959ರಲ್ಲಿ ಸೋಮದೇವಸೂರಿಯು ಇದನ್ನೇ ಸಂಸ್ಕೃತದಲ್ಲಿ ‘ಯಶಸ್ತಿಲಕ’ವಾಗಿ ಬರೆದು ಮುಗಿಸಿದನು. ಒಂದೇ ಕಥೆಯನ್ನು ನಮ್ಮ ಪೂರ್ವಾಚಾರ್ಯರೂ ಕವಿಗಳೂ ಮೂರು ಮೂರು ಭಾಷೆಗಳಲ್ಲಿ ಏಕೆ ಹೇಳಿದರು? ನಿಜವಾದ ಕೊಲೆ ಪಾಪವೆಂದು ತಿಳಿಸಲು ಇಷ್ಟು ಶ್ರಮ ಬೇಕಿರಲಿಲ್ಲ. ಅದನ್ನು ಎಲ್ಲ ಧರ್ಮಗಳೂ ಹೇಳುತ್ತವೆ. ಆಟದ ಕೊಲೆ, ಅಣಕದ ಕೊಲೆ, ಯಾರೂ ಸಾಯದ ಕೊಲೆಯೂ ಆತ್ಮವನ್ನು ಕಟ್ಟುತ್ತದೆ ಎಂಬುದನ್ನು ತಿಳಿಸಲು ಅವರು ಶ್ರಮಿಸಿದರು.

ಈಗ ಕಡಲಾಚೆಯ ಒಂದು ಸಂಸ್ಥೆಯ ಕಡೆಗೆ ಬರೋಣ. ವಿಡಿಯೊ ಗೇಮಿನ ಲೋಕದಲ್ಲಿ ‘ಕುಟುಂಬದ ಆಟ’ ಎಂಬ ಹೆಸರನ್ನು ಎಲ್ಲರಿಗಿಂತ ಹೆಚ್ಚಾಗಿ ಗಳಿಸಿದ್ದು ಜಪಾನಿನ ನಿಂಟೆಂಡೊ. 1889ರಲ್ಲಿ ಕ್ಯೋಟೊ ನಗರದಲ್ಲಿ ಹೂವಿನ ಚಿತ್ರದ ಇಸ್ಪೀಟು ಎಲೆಗಳನ್ನು ಮಾಡುವ ಅಂಗಡಿಯಾಗಿ ಅದು ಹುಟ್ಟಿತು. ಆ ಎಲೆಗಳು ಜೂಜಿನ ಕಟ್ಟೆಗಳಲ್ಲಿಯೂ ಧಾರಾಳವಾಗಿ ಬಳಕೆಯಾದವು. 1983ರಲ್ಲಿ ಟೀವಿಗೆ ಜೋಡಿಸುವ ಆಟದ ಯಂತ್ರವನ್ನು ಹೊರತಂದ ಮೇಲೆ ಸಂಸ್ಥೆಯ ಭಾಗ್ಯವೇ ಬದಲಾಯಿತು. ಮೀಸೆಯ ಮಾರಿಯೊ ಜಗತ್ತಿನ ಮಕ್ಕಳೆಲ್ಲರ ಗೆಳೆಯನಾದನು. ಅಮೆರಿಕದಲ್ಲಿ ಮಾರುವ ಆಟಗಳಲ್ಲಿ ರಕ್ತವಿರಬಾರದು, ನಗ್ನತೆಯಿರಬಾರದು ಎಂಬ ಕಟ್ಟುನಿಟ್ಟನ್ನು ಸಂಸ್ಥೆಯೇ ವಿಧಿಸಿಕೊಂಡಿತ್ತು. ತಂದೆತಾಯಿಗಳು ನಂಬಿದರು.

ಆ ನಂಬಿಕೆಯ ಕಾಲದ ಒಂದು ಆಟವನ್ನೇ ನೋಡೋಣ. 1984ರಲ್ಲಿ ಬಂದ ‘ಡಕ್ ಹಂಟ್’ ಎಂಬುದು ಬಾತುಕೋಳಿಯ ಬೇಟೆ. ಮಗುವಿನ ಕೈಗೆ ಪ್ಲಾಸ್ಟಿಕ್ ಬಂದೂಕು. ಟೀವಿಯ ಪರದೆಯ ಮೇಲೆ ಪೊದೆಯಿಂದ ಹಾರುವ ಹಕ್ಕಿ. 1990ರ ದಶಕದಲ್ಲಿ ನಮ್ಮ ನಾಡಿನ ಪಟ್ಟಣಗಳ ಅಂಗಡಿಗಳಲ್ಲಿ ಸಿಗುತ್ತಿದ್ದ ಅಗ್ಗದ ನಕಲು ಯಂತ್ರಗಳ ಮೂಲಕ ಅದು ಎಷ್ಟೋ ಮನೆಗಳನ್ನು ಹೊಕ್ಕಿತು. ಹೊಕ್ಕ ಮನೆಗಳಲ್ಲಿ ಜೈನರ ಮನೆಗಳೂ ಇದ್ದವು. ಗುಂಡು ತಗುಲಿದರೆ ನಾಯಿಯು ಸತ್ತ ಹಕ್ಕಿಯನ್ನು ಎತ್ತಿ ತೋರಿಸುತ್ತದೆ. ಗುರಿ ತಪ್ಪಿ ಹಕ್ಕಿಯು ಬದುಕಿ ಹಾರಿಹೋದರೆ ಅದೇ ನಾಯಿ ಆಡುವವನನ್ನು ನೋಡಿ ನಗುತ್ತದೆ. ಒಂದು ಹನಿ ರಕ್ತವಿಲ್ಲ! ಆದರೆ ಜೀವವೊಂದು ಉಳಿಯಿತೆಂದರೆ ಮಗು ನಾಚಬೇಕು, ಸತ್ತಿತೆಂದರೆ ಹಿಗ್ಗಬೇಕು ಎಂಬುದು ಅಲ್ಲಿಯ ಪಾಠ. ಸಪ್ತವ್ಯಸನಗಳಲ್ಲಿ ಬೇಟೆಯೂ ಒಂದೆಂದು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿಸುವ ನಾವು ಆ ಬಂದೂಕನ್ನು ಹುಟ್ಟುಹಬ್ಬದ ಉಡುಗೊರೆಯಾಗಿ ಕೊಟ್ಟೆವು. ಇದು ಯಾರೂ ಪ್ರಬುದ್ಧರಿಗೆ ಮಾತ್ರ ಎಂದು ಮುದ್ರೆಯೊತ್ತಿದ ಆಟವಲ್ಲ, ಕುಟುಂಬದ ಆಟ!

ಮುಂದಿನ ಕಥೆ ಇನ್ನೂ ಸ್ವಾರಸ್ಯವಾದುದು. 1992ರಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ಎಂಬ ಘೋರ ಕಾಳಗದ ಆಟವು ಹೊರಬಂತು. ಸೋತವನ ಎದೆಯಿಂದ ಹೃದಯವನ್ನು ಕಿತ್ತು ತೆಗೆಯುವುದು ಅದರ ಹೆಗ್ಗಳಿಕೆ. 1993ರ ಸೆಪ್ಟೆಂಬರಿನಲ್ಲಿ ಅದು ಮನೆಯ ಯಂತ್ರಗಳಿಗೆ ಬಂದಾಗ ನಿಂಟೆಂಡೊ ಮಾಡಿದ್ದೇನು? ಆಟವನ್ನು ಬೇಡವೆನ್ನಲಿಲ್ಲ. ರಕ್ತದ ಕೆಂಪನ್ನು ತೆಗೆದು ಬೆವರಿನ ಬೂದುಬಣ್ಣವನ್ನು ಹಚ್ಚಿಸಿತು. ಅತಿ ಕ್ರೂರವಾದ ಕೊಲೆಗಳನ್ನು ಮೆದುಗೊಳಿಸಿತು. ಹೊಡೆತ ಅದೇ, ಹೊಡೆಯುವ ಸಂತೋಷ ಅದೇ, ಬಣ್ಣ ಮಾತ್ರ ಬೇರೆ. ಇದು ಹಿಟ್ಟಿನ ಕೋಳಿಯಲ್ಲದೆ ಮತ್ತೇನು? ಪ್ರತಿಸ್ಪರ್ಧಿಯಾದ ಸೆಗಾ ಸಂಸ್ಥೆಯು ಗುಪ್ತ ಸಂಕೇತವೊಂದನ್ನು ಒತ್ತಿದರೆ ರಕ್ತ ಕಾಣಿಸುವಂತೆ ಮಾಡಿತು. ಹೆಚ್ಚು ಮಾರಾಟವಾದುದು ಸೆಗಾದ ಆಟವೇ.

ಅದೇ ವರ್ಷದ ಡಿಸೆಂಬರ್ 9ರಂದು ಅಮೆರಿಕದ ಸೆನೆಟ್ಟಿನಲ್ಲಿ ಜೋಸೆಫ್ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಎಂಬ ಸದಸ್ಯರು ಈ ಆಟಗಳ ವಿಚಾರಣೆ ನಡೆಸಿದರು. ನಿಂಟೆಂಡೊ ಪರವಾಗಿ ಬಂದ ಹೊವಾರ್ಡ್ ಲಿಂಕನ್ ಅವರು ‘ನೈಟ್ ಟ್ರ್ಯಾಪ್’ ಎಂಬ ಆಟವು ತಮ್ಮ ಯಂತ್ರದ ಮೇಲೆ ಎಂದೆಂದಿಗೂ ಬರಲಾರದೆಂದು ಘೋಷಿಸಿ ಸಜ್ಜನರ ಮೆಚ್ಚುಗೆಗೆ ಪಾತ್ರರಾದರು. 1994ರಲ್ಲಿ ಆಟಗಳಿಗೆ ವಯಸ್ಸಿನ ಮುದ್ರೆಯೊತ್ತುವ ಮಂಡಳಿಯು ಅಮೆರಿಕದಲ್ಲಿ ಸ್ಥಾಪನೆಯಾಯಿತು. 17 ವರ್ಷ ದಾಟಿದವರಿಗೆ ‘ಎಂ’ ಮುದ್ರೆ. ಅದೇ ವರ್ಷ ‘ಮಾರ್ಟಲ್ ಕಾಂಬ್ಯಾಟ್’ನ ಎರಡನೆಯ ಭಾಗವು ನಿಂಟೆಂಡೊ ಯಂತ್ರಕ್ಕೆ ಬಂದಾಗ ಬೆವರು ಹೋಗಿ ನೆತ್ತರು ಬಂದಿತ್ತು! 2002ರಲ್ಲಿ ‘ಎಟರ್ನಲ್ ಡಾರ್ಕ್‌ನೆಸ್’ ಎಂಬ ‘ಎಂ’ ಮುದ್ರೆಯ ಆಟವನ್ನು ನಿಂಟೆಂಡೊ ತಾನೇ ಪ್ರಕಟಿಸಿತು. 2007ರಲ್ಲಿ ಅದರ ‘ವೀ’ ಯಂತ್ರಕ್ಕೆ ಬಂದ ‘ಮ್ಯಾನ್‌ಹಂಟ್ 2’ ಎಂಬ ಆಟವನ್ನು ಬ್ರಿಟನ್ನಿನ ಮಂಡಳಿಯು ಮೊದಲು ಸಾರಾಸಗಟಾಗಿ ನಿರಾಕರಿಸಿತ್ತು. ಅಮೆರಿಕದಲ್ಲಿ ಕೆಲವು ದೃಶ್ಯಗಳನ್ನು ತಿದ್ದಿದ ಮೇಲೆ ಅದು ಅಂಗಡಿಗೆ ಬಂತು. ಅಜ್ಜಿಯೂ ಮೊಮ್ಮಗನೂ ಕೂಡಿ ಟೆನಿಸ್ ಆಡಲೆಂದು ಮಾರಿದ ಅದೇ ಕೈಸಾಧನವನ್ನು ಬೀಸಿ ಆ ಆಟದಲ್ಲಿ ಕೊಲೆಯ ಭಂಗಿಯನ್ನು ಅಭಿನಯಿಸಬೇಕಾಗಿತ್ತು. ಕಡೆಗೆ 2018ರಲ್ಲಿ, ಎಂದೆಂದಿಗೂ ಬರಲಾರದೆಂದಿದ್ದ ‘ನೈಟ್ ಟ್ರ್ಯಾಪ್’ ಕೂಡ ಅದರ ‘ಸ್ವಿಚ್’ ಯಂತ್ರದ ಮೇಲೆ ಬಂತು. 15 ಕೋಟಿಗೂ ಹೆಚ್ಚು ಮಾರಾಟವಾಗಿರುವ ಆ ಯಂತ್ರದಲ್ಲಿ ಮಾರಿಯೊ ಒಂದು ಕಡೆ, ‘ಡೂಮ್’ನಂತಹ ರಕ್ತಸಿಕ್ತ ಆಟಗಳು ಇನ್ನೊಂದು ಕಡೆ.

ಸಂಸ್ಥೆಯ ಪರವಾಗಿ ಹೇಳಬಹುದಾದುದನ್ನೂ ಹೇಳಬೇಕು. ಆಡುವವರೆಲ್ಲ ಮಕ್ಕಳಲ್ಲ, ಪುಸ್ತಕದಂಗಡಿಯಲ್ಲಿ ಎಲ್ಲ ಬಗೆಯ ಪುಸ್ತಕಗಳೂ ಇರುತ್ತವೆ, ಪೆಟ್ಟಿಗೆಯ ಮೇಲೆ ಮುದ್ರೆಯಿದೆ, ತಂದೆತಾಯಿಗಳು ಬೀಗ ಹಾಕಿ ಸಮಯ ನಿಗದಿಪಡಿಸುವ ವ್ಯವಸ್ಥೆಯನ್ನು 2017ರಿಂದ ಸಂಸ್ಥೆಯೇ ಮೊಬೈಲಿನ ಮೂಲಕ ಒದಗಿಸಿದೆ. ಇದೆಲ್ಲವೂ ನಿಜ. ಹಲವು ಸಂಸ್ಥೆಗಳಿಗಿಂತ ಇದು ಮೇಲು ಎಂಬುದೂ ನಿಜವಿರಬಹುದು. ಆದರೆ ನಮ್ಮ ಆಕ್ಷೇಪವಿರುವುದು ಬೇರೆಡೆ. ನಿರ್ಮಲತೆಯ ಹೆಸರು ತಂದೆತಾಯಿಗಳನ್ನು ಅಂಗಡಿಯೊಳಕ್ಕೆ ಕರೆಯುತ್ತದೆ. ಒಳಗೆ ಬಂದ ಮೇಲೆ ಜವಾಬ್ದಾರಿಯೆಲ್ಲ ತಂದೆತಾಯಿಗಳದ್ದೇ ಎನ್ನಲಾಗುತ್ತದೆ. ಹೆಸರಿನ ಲಾಭ ಸಂಸ್ಥೆಗೆ, ಕಾವಲಿನ ಭಾರ ಮನೆಗೆ. ವ್ಯಾಪಾರಿಯ ನೀತಿ ಅಷ್ಟೇ. ಅವನು ಅಣುವ್ರತಿಯಲ್ಲ, ಅವನಿಂದ ನಾವು ಶ್ರಾವಕಾಚಾರವನ್ನು ನಿರೀಕ್ಷಿಸುವುದೂ ತಪ್ಪು. ಅವನ ಅಳತೆಗೋಲನ್ನು ನಮ್ಮ ಮನೆಯ ಅಳತೆಗೋಲನ್ನಾಗಿ ಮಾಡಿಕೊಂಡದ್ದು ನಮ್ಮ ತಪ್ಪು.

ಇದು ಪರದೇಶದ ಮಾತೆಂದು ಯಾರೂ ಸಮಾಧಾನಪಡಬೇಕಾಗಿಲ್ಲ. 2020ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವು ‘ಪಬ್ಜಿ’ ಮೊಬೈಲ್ ಆಟವನ್ನು ನಿಷೇಧಿಸಿತು; ಕಾರಣ ಹಿಂಸೆಯಲ್ಲ, ದೇಶದ ಭದ್ರತೆ. 2021ರ ಜುಲೈಯಲ್ಲಿ ಅದೇ ಆಟವು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೊಸ ಹೆಸರಿನಿಂದ ಬಂತು. ಭಾರತೀಯರ ಸಂವೇದನೆಗೆ ತಕ್ಕಂತೆ ಬದಲಾಯಿಸಿದ್ದೇವೆ ಎಂಬ ಮಾತಿನೊಂದಿಗೆ ನೆತ್ತರನ್ನು ಹಸಿರಾಗಿಸಿದರು; ಕೊಲ್ಲುವುದಕ್ಕೆ ‘ಫಿನಿಶ್’ ಎಂದು ಹೆಸರಿಟ್ಟರು; 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಿದರು. 1993ರ ಬೂದು ಬೆವರು 2021ರಲ್ಲಿ ಹಸಿರು ನೆತ್ತರಾಯಿತು. 2022ರಲ್ಲಿ ಮತ್ತೆ ತಡೆ, 2023ರಲ್ಲಿ ಮತ್ತೆ ಪ್ರವೇಶ. ಆ ಎಲ್ಲ ಕಾಲದಲ್ಲಿ ಯಾವ ಜೈನ ಸಭೆಯೂ, ಯಾವ ಟ್ರಸ್ಟೂ ಈ ಹಸಿರಿನ ಅರ್ಥವನ್ನು ವಿಚಾರಿಸಿದ್ದನ್ನು ನಾನು ಕೇಳಲಿಲ್ಲ. ದಿನಕ್ಕೆ 3 ಗಂಟೆ ಎಂದರೆ ಸುಮಾರು ನಾಲ್ಕು ಸಾಮಾಯಿಕಗಳ ಕಾಲ!

ಆಳಂದ, ಅಫಜಲಪುರ, ಜೇವರ್ಗಿಗಳ ತೊಗರಿಯ ಹೊಲದ ಬದುವಿನಲ್ಲಿ ಕುಳಿತ ಹುಡುಗರ ಕೈಯಲ್ಲಿಯೂ ಇಂದು ಈ ಆಟಗಳಿವೆ. ಪೆಟ್ಟಿಗೆಯ ಮೇಲಿನ ಮುದ್ರೆಯನ್ನಾದರೂ ನೋಡೋಣವೆಂದರೆ ಮೊಬೈಲಿಗೆ ಪೆಟ್ಟಿಗೆಯೇ ಇಲ್ಲ. ಚಲನಚಿತ್ರಕ್ಕೆ ಪ್ರಮಾಣಪತ್ರ ಕೊಡುವ ನಮ್ಮ ದೇಶದ ಮಂಡಳಿಯ ಅಧಿಕಾರವು ಆಟಗಳಿಗೆ ವ್ಯಾಪಿಸುವುದಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ದ್ಯೂತವೆಂಬ ವ್ಯಸನಕ್ಕೆ ಕಾನೂನು ಬಂತು. ಬೇಟೆಯೆಂಬ ವ್ಯಸನಕ್ಕೆ ಬರಲಿಲ್ಲ, ಬರಲೂಬೇಕಾಗಿಲ್ಲ. ಅದು ಮನೆಯ ಕೆಲಸ, ಬಸದಿಯ ಕೆಲಸ.

ಇನ್ನೂ ಹತ್ತಿರದ ಮಾತೊಂದಿದೆ. ‘ಗ್ರ್ಯಾಂಡ್ ಥೆಫ್ಟ್ ಆಟೊ’ ಎಂದರೆ ಹೆಸರಿನಲ್ಲಿಯೇ ಕಳ್ಳತನವನ್ನು ಹೊತ್ತ ಆಟ. ಅದನ್ನು ಮತ್ತು ಮೇಲೆ ಹೇಳಿದ ‘ಮ್ಯಾನ್‌ಹಂಟ್ 2’ ಅನ್ನು ಪ್ರಕಟಿಸಿದ ರಾಕ್‌ಸ್ಟಾರ್ ಸಂಸ್ಥೆಗೆ ನಮ್ಮ ಬೆಂಗಳೂರಿನಲ್ಲಿಯೇ ಕಾರ್ಯಾಲಯವಿದೆ. 1997ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಧ್ರುವ ಇಂಟರ್‌ಆಕ್ಟಿವ್ ಎಂಬ ಸಂಸ್ಥೆಯನ್ನು ಅದು 2019ರಲ್ಲಿ ಕೊಂಡುಕೊಂಡಿತು. ಅನಿಮೇಷನ್ ಮತ್ತು ಗೇಮ್ ಉದ್ಯಮಕ್ಕೆ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ರೂಪಿಸಿದ ರಾಜ್ಯವೂ ಕರ್ನಾಟಕವೇ. ಅದು 2012ರ ಮಾತು. ಓದಿದ ತರುಣ ತರುಣಿಯರಿಗೆ ಅಲ್ಲಿ ಒಳ್ಳೆಯ ಉದ್ಯೋಗವಿದೆ, ಒಳ್ಳೆಯ ಸಂಬಳವಿದೆ. ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂಬ ನಾಲ್ಕು ಹಿಂಸೆಗಳಲ್ಲಿ ಗೃಹಸ್ಥನಿಗೆ ಸರ್ವಥಾ ತ್ಯಾಜ್ಯವಾದುದು ಸಂಕಲ್ಪಿ ಹಿಂಸೆ. ಹಿಂಸೆಯ ಆನಂದವನ್ನೇ ಚಿತ್ರಿಸಿ ಮಾರುವ ಉದ್ಯೋಗವನ್ನು ಉದ್ಯೋಗಿ ಹಿಂಸೆಯೆಂದು ಕ್ಷಮಿಸಬಹುದೇ, ಅಥವಾ ಅದು ಸಂಕಲ್ಪದ ಕಡೆಗೇ ಸೇರುತ್ತದೆಯೇ? ಚರ್ಮದ, ಮದ್ಯದ, ಮಾಂಸದ ವ್ಯಾಪಾರಗಳನ್ನು ಕುರಿತು ನಮ್ಮ ಹಿರಿಯರು ನಿಸ್ಸಂಕೋಚವಾಗಿ ನಿರ್ಣಯ ಕೊಟ್ಟರು. ಹೊಸ ಉದ್ಯೋಗಗಳನ್ನು ಕುರಿತು ನಮ್ಮ ಭಟ್ಟಾರಕರೂ ವಿದ್ವಾಂಸರೂ ಮೌನವಾಗಿರುವುದು ಏಕೆ?

‘ಆಟದಿಂದ ಯಾರಿಗೂ ಕೇಡಾಗಿಲ್ಲ, ಸಾಬೀತಾಗಿಲ್ಲ’ ಎನ್ನುವವರಿದ್ದಾರೆ. 2019ರ ಸೆಪ್ಟೆಂಬರಿನಲ್ಲಿ ಬೆಳಗಾವಿಯ ಬಳಿಯ ಕಾಕತಿಯಲ್ಲಿ ಮೊಬೈಲ್ ಆಟಕ್ಕೆ ಅಡ್ಡಿಪಡಿಸಿದ ತಂದೆಯನ್ನು ಮಗನೇ ಕೊಂದನೆಂಬ ಸುದ್ದಿಯನ್ನು ನೆನಪಿಸಿ ಇವರ ಬಾಯಿ ಮುಚ್ಚಿಸಬಹುದು. ಆದರೆ ಹಾಗೆ ಮಾಡುವುದು ನ್ಯಾಯವಲ್ಲ. ಕೋಟ್ಯಂತರ ಹುಡುಗರು ಆಡುತ್ತಾರೆ, ಕೊಲೆಗಾರರಾಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು 2020ರಲ್ಲಿ, ಹಿಂಸಾಕೃತ್ಯಗಳಿಗೆ ವಿಡಿಯೊ ಗೇಮೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಹೇಳಿದೆ. ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ, ಹಿಂಸಾತ್ಮಕ ಆಟಗಳನ್ನು ಮಕ್ಕಳಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾಯಿದೆಯನ್ನು ರದ್ದುಪಡಿಸಿತು. ಇವನ್ನೆಲ್ಲ ಒಪ್ಪಿಕೊಂಡೇ ನಾನು ಹೇಳುವುದು: ಜೈನರ ವಾದವು ಇವುಗಳ ಮೇಲೆ ನಿಂತಿಲ್ಲ. ಹಿಟ್ಟಿನ ಕೋಳಿಯನ್ನು ಕಡಿದ ಯಶೋಧರನು ಮುಂದೆ ಯಾರನ್ನೂ ಕಡಿಯಲಿಲ್ಲ. ನೆರೆಯವನಿಗೆ ಕೇಡಾಯಿತೇ ಎಂಬುದು ನ್ಯಾಯಾಲಯದ ಪ್ರಶ್ನೆ. ಆತ್ಮದ ಪರಿಣಾಮ ಏನಾಯಿತು ಎಂಬುದು ನಮ್ಮ ಪ್ರಶ್ನೆ.

ಶಾಸ್ತ್ರವು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯನ್ನೇ ಕೊಟ್ಟಿಲ್ಲ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕೆ ಮೊದಲು ಪ್ರಮತ್ತಯೋಗವನ್ನಿಟ್ಟರು. ರೌದ್ರಧ್ಯಾನದ ಭೇದಗಳಲ್ಲಿ ಮೊದಲನೆಯದು ಹಿಂಸಾನಂದ. ಕೊಲ್ಲುವುದಲ್ಲ, ಕೊಲೆಯಲ್ಲಿ ಆನಂದಪಡುವುದು. ಸಮಂತಭದ್ರಾಚಾರ್ಯರು ‘ರತ್ನಕರಂಡ ಶ್ರಾವಕಾಚಾರ’ದಲ್ಲಿ ಅನರ್ಥದಂಡಗಳನ್ನು ಐದೆಂದು ಎಣಿಸಿದರು: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಮಗುವಿನ ಕೈಗೆ ಇಂತಹ ಆಟವನ್ನು ಕೊಡುವ ತಂದೆಯು ಹಿಂಸಾದಾನ ಮಾಡಿದನು. ಆಡುವ ಮಗುವು ಅಪಧ್ಯಾನದಲ್ಲಿ ತೊಡಗಿತು. ನೋಡಿ ನಗುವ ನಾವು ಅನುಮೋದಿಸಿದೆವು. ಕೃತ, ಕಾರಿತ, ಅನುಮೋದನ ಮೂರೂ ಒಂದೇ ಕೋಣೆಯಲ್ಲಿ ನಡೆದುಹೋದವು. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿರುವ ತಂಡುಲಮತ್ಸ್ಯದ ಕಥೆಯನ್ನು ಅಜ್ಜಿಯರು ನಮಗೆ ಹೇಳಿದ್ದರು. ಮಹಾಮತ್ಸ್ಯದ ತೆರೆದ ಬಾಯಿಯಿಂದ ಮೀನುಗಳು ಬಂದುಹೋಗುವುದನ್ನು ನೋಡಿ, ‘ಈ ಬಾಯಿ ನನಗಿದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ’ ಎಂದು ಅಕ್ಕಿಕಾಳಿನಷ್ಟಿದ್ದ ಆ ಮೀನು ಭಾವಿಸಿತು. ಒಂದನ್ನೂ ತಿನ್ನದೆ ಏಳನೆಯ ನರಕಕ್ಕೆ ಇಳಿಯಿತು. ಅದಕ್ಕೆ ಕೊಲ್ಲುವ ಶಕ್ತಿಯಿರಲಿಲ್ಲ. ಪರದೆಯ ಮುಂದಿನ ಬಾಲಕನಿಗೂ ಇಲ್ಲ.

ಹಾಗಾದರೆ ಮಕ್ಕಳು ಆಡಲೇಬಾರದೇ? ಚದುರಂಗದಲ್ಲಿಯೂ ಕಾಲಾಳು ಬೀಳುವುದಿಲ್ಲವೇ? ಈ ಪ್ರಶ್ನೆಯು ನ್ಯಾಯವಾದುದು. ಆಟವು ಪಾಪವಲ್ಲ. ಚದುರಂಗದ ಕಾಯಿ ಬಿದ್ದಾಗ ಅದರ ನರಳಾಟವನ್ನು ಯಾರೂ ನೋಡಿ ಸುಖಿಸುವುದಿಲ್ಲ, ಮನಸ್ಸು ಲೆಕ್ಕದಲ್ಲಿರುತ್ತದೆ. ಆದುದರಿಂದ ಕೇಳಬೇಕಾದುದು ರಕ್ತದ ಬಣ್ಣವನ್ನಲ್ಲ, ವಯಸ್ಸಿನ ಮುದ್ರೆಯನ್ನೂ ಅಲ್ಲ. ಈ ಆಟವು ಯಾವುದಕ್ಕೆ ಬಹುಮಾನ ಕೊಡುತ್ತದೆ, ಯಾವುದರಲ್ಲಿ ಆನಂದಪಡಲು ಕಲಿಸುತ್ತದೆ ಎಂದು ಕೇಳಬೇಕು. ಬೀಳುವ ಇಟ್ಟಿಗೆಗಳನ್ನು ಜೋಡಿಸುವ ‘ಟೆಟ್ರಿಸ್’ ಆಟವನ್ನೂ 1989ರಲ್ಲಿ ಇದೇ ನಿಂಟೆಂಡೊ ತನ್ನ ಕೈಯಂತ್ರದೊಂದಿಗೆ ಜಗತ್ತಿಗೆ ಹಂಚಿತು. ಅದರಲ್ಲಿ ದೋಷವನ್ನು ನಾನು ಕಾಣೆ. ಒಂದೇ ಅಂಗಡಿಯಲ್ಲಿ ಎರಡೂ ಇವೆ; ಆರಿಸುವ ವಿವೇಕ ನಮ್ಮಲ್ಲಿರಬೇಕು.

ಜೈನರಿಗೆ ಆಟದ ಬುದ್ಧಿಯನ್ನು ಯಾರೂ ಕಲಿಸಬೇಕಾಗಿಲ್ಲ. ಭರತ ಬಾಹುಬಲಿಗಳ ಸೈನ್ಯಗಳು ಎದುರುಬದುರಾಗಿ ನಿಂತಾಗ, ನಿರಪರಾಧಿಗಳ ಕೊಲೆಯೇಕೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಪಡಿಸಿದರು. ಕೊಲೆಯನ್ನು ತೆಗೆದು ಅದರ ಸ್ಥಾನದಲ್ಲಿ ಸ್ಪರ್ಧೆಯನ್ನು ಇಟ್ಟರು. ಇಂದಿನವರು ಸ್ಪರ್ಧೆಯ ಸ್ಥಾನದಲ್ಲಿ ಕೊಲೆಯನ್ನು ಇಡುತ್ತಿದ್ದಾರೆ. ಗುಜರಾತ, ರಾಜಸ್ಥಾನಗಳ ಜೈನರು ಬಟ್ಟೆಯ ಮೇಲೆ 84 ಮನೆಗಳ ಜ್ಞಾನಚೌಪಡವನ್ನು ಬರೆದು, ಪರ್ಯೂಷಣದ ದಿನಗಳಲ್ಲಿ ಮಕ್ಕಳೊಂದಿಗೆ ಕುಳಿತು ಆಡುತ್ತಿದ್ದರು. ಪಾಪದ ಮನೆಗೆ ಬಂದರೆ ಹಾವು, ಪುಣ್ಯದ ಮನೆಗೆ ಬಂದರೆ ಏಣಿ. ಆ ಪಟದ ಕರ್ಮಫಲವು ಕಳೆದುಹೋಗಿ ಹಾವು ಏಣಿಗಳು ಮಾತ್ರ ಉಳಿದದ್ದು ನಮ್ಮ ಉಪೇಕ್ಷೆಯ ಫಲವೂ ಹೌದು.

ಟ್ರಸ್ಟಿನ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಬಸದಿಯ ಮಳಿಗೆಗಳನ್ನು ಬಾಡಿಗೆಗೆ ಕೊಡುವಾಗ ಮದ್ಯ ಮಾಂಸಗಳ ಅಂಗಡಿಗೆ ಕೊಡುವುದಿಲ್ಲವೆಂದು ಕರಾರಿನಲ್ಲಿ ಬರೆಯಿಸುತ್ತೀರಿ. ವಿಡಿಯೊ ಗೇಮಿನ ಪಾರ್ಲರು ಕೇಳಲು ಬಂದರೆ ಏನು ಮಾಡುವಿರೆಂದು ಇಂದೇ ನಿರ್ಧರಿಸಿರಿ. ಪಾಠಶಾಲೆಯಲ್ಲಿ ಅನರ್ಥದಂಡವ್ರತವನ್ನು ಕಲಿಸುವಾಗ ಕೊಡಲಿ, ಖಡ್ಗಗಳ ಹಳೆಯ ಉದಾಹರಣೆಗಳೊಂದಿಗೆ ಮಗುವಿನ ಕೈಯಲ್ಲಿರುವ ಮೊಬೈಲನ್ನೂ ಹೆಸರಿಸಿರಿ. ವಾರ್ಷಿಕೋತ್ಸವದ ಬಹುಮಾನಕ್ಕೆ ಆಟಿಕೆಗಳನ್ನು ಕೊಡುವಾಗ ಬಂದೂಕುಗಳನ್ನು ಕೈಬಿಡಿರಿ. ನಮ್ಮಲ್ಲಿ ಗೇಮ್ ರಚಿಸಬಲ್ಲ ಎಂಜಿನಿಯರರಿದ್ದಾರೆ. ಜ್ಞಾನಚೌಪಡವನ್ನು ಮೊಬೈಲಿಗೆ ತರಲು ಒಬ್ಬ ದಾನಿಯೂ ಮುಂದೆ ಬರುವುದಿಲ್ಲವೇ? ಪಂಚಕಲ್ಯಾಣದ ಒಂದು ಸವಾಲಿನ ಮೊತ್ತದಲ್ಲಿ ಅದು ಆಗಬಹುದಾದ ಕೆಲಸ.

ತಂದೆತಾಯಿಗಳಿಗೆ ಒಂದೇ ಮಾತು. ಮೊಬೈಲನ್ನು ಕಿತ್ತುಕೊಂಡು ಹೊಡೆಯಬೇಡಿರಿ. ಹಿಂಸೆಯಿಂದ ಅಹಿಂಸೆಯನ್ನು ಕಲಿಸಲಾಗದು. ಪಕ್ಕದಲ್ಲಿ ಕುಳಿತು ಹತ್ತು ನಿಮಿಷ ಆ ಆಟವನ್ನು ನೋಡಿರಿ. ಬಿಸ್ಕತ್ತಿನ ಪೊಟ್ಟಣವನ್ನು ಓದುವ ಶ್ರದ್ಧೆಯಿಂದ ಅದನ್ನು ಓದಿರಿ. ಆಮೇಲೆ ಮಗುವನ್ನು ಕೇಳಿರಿ.

ಅಂದು ನರೋಣಾದಲ್ಲಿ ನಾನು ಮಾಡಿದ್ದೂ ಅಷ್ಟೇ. ಹುಡುಗನಿಗೆ ಹಿಟ್ಟಿನ ಕೋಳಿಯ ಕಥೆಯನ್ನು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಹಿಟ್ಟಿನ ಕೋಳಿ ಹ್ಯಾಂಗ ಕೂಗ್ತು ಮುತ್ಯಾ?’ ಎಂದು ಕೇಳಿದನು. ಅದಕ್ಕೆ ಉತ್ತರ ಹೇಳುವಷ್ಟರಲ್ಲಿ ಮೊಬೈಲಿನ ಬೆಳಕು ತಾನಾಗಿಯೇ ಆರಿತ್ತು. ಅವನು ಮತ್ತೆ ಅದನ್ನು ಒತ್ತಲಿಲ್ಲ. ಮರುದಿನ ಒತ್ತಿರಬಹುದು. ಆದರೆ ಆ ಪ್ರಶ್ನೆಯು ಅವನಲ್ಲಿ ಹುಟ್ಟಿತು. ಅದನ್ನು ಹುಟ್ಟಿಸಬೇಕಾದವರು ಕ್ಯೋಟೊ ನಗರದ ವ್ಯಾಪಾರಿಗಳಲ್ಲ, ನಾವು.

ಜೈ ಜಿನೇಂದ್ರ.